ಮೂರನೇ ಬೇಸಿಗೆಯ ನಂತರ ಎಣಿಸಲಿ

ವನಮಹೋತ್ಸವದಲ್ಲಿ ಅತಿ ಹೆಚ್ಚು ಸಸಿ ನೆಟ್ಟ ಸಂಘಗಳಿಗೆ ಪ್ರಶಸ್ತಿ ನೀಡಬೇಕೆಂಬ ಲೇಖನವೊಂದರ ಸಲಹೆಯ ಆಶಯ ಒಳ್ಳೆಯದೇ ಆದರೂ, ಅದರ ಮಾನದಂಡವನ್ನು ಒಪ್ಪಲಾರೆ. ವರ್ಷವಿಡೀ ಹರಿಯುವ ನದಿಯೇ ಇಲ್ಲದ ನಮ್ಮ ಕೋಲಾರ ಜಿಲ್ಲೆಯಲ್ಲಿ ಜೂನ್‌ನಲ್ಲಿ ನೆಟ್ಟ ಸಸಿಗೆ ನಿಜವಾದ ಪರೀಕ್ಷೆ ಎದುರಾಗುವುದು ಮುಂದಿನ ಏಪ್ರಿಲ್‌ನಲ್ಲಿ. ಅರಣ್ಯ ಇಲಾಖೆ 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ರೈತರ ಜಮೀನಿನಲ್ಲಿ ಬದುಕುಳಿದ ಸಸಿಗಳನ್ನು ಮಾತ್ರ ಎಣಿಸಿ, ಮೂರು ವರ್ಷ ಪ್ರೋತ್ಸಾಹಧನ ನೀಡುತ್ತದೆ. ಬೀದಿಬದಿಯ ಮರಗಳನ್ನೂ ಗುಂಡುತೋಪುಗಳನ್ನೂ ನೋಡಿಕೊಳ್ಳುವ ಸಂಘಗಳಿಗೂ ಇದೇ ಕ್ರಮ ಏಕಾಗಬಾರದು? ಅಮೆರಿಕದಲ್ಲಿ 1976ರಿಂದ ನಡೆದುಬಂದಿರುವ ‘ಟ್ರೀ ಸಿಟಿ’ ಮನ್ನಣೆಗೂ ಮರಗಳ ಹೊಣೆ ಹೊತ್ತ ಸಮಿತಿ ಅಥವಾ ಇಲಾಖೆ, ಮರಗಳ ಕುರಿತ ಸ್ಥಳೀಯ ನಿಯಮ, ಪ್ರತಿ ನಿವಾಸಿಗೆ ಕನಿಷ್ಠ 2 ಡಾಲರ್‌ನಂತೆ ವಾರ್ಷಿಕ ವೆಚ್ಚ ಮುಂತಾದವನ್ನು ಊರು ತೋರಿಸಬೇಕಾಗುತ್ತದೆ.

ನಮ್ಮ ಬಡಾವಣೆಯ ಹೊಂಗೆ ಮರವೊಂದಕ್ಕೆ ಸಸಿಯಾಗಿದ್ದಾಗ ಹಾಕಿದ ಕಬ್ಬಿಣದ ಟ್ರೀ ಗಾರ್ಡನ್ನು ಯಾರೂ ಬಿಚ್ಚದೆ, ಅದರ ಸರಳುಗಳು ಈಗ ತೊಗಟೆಯೊಳಗೇ ಹೂತುಹೋಗಿವೆ, ದಾನಿಯ ಹೆಸರಿನ ಫಲಕ ಮಾತ್ರ (ಮೆಚ್ಚಬೇಕಾದ್ದೇ!) ಇನ್ನೂ ಸ್ಪಷ್ಟವಾಗಿ ಓದಲು ಬರುತ್ತದೆ. ಪುರಸ್ಕಾರ ಕೊಡುವುದಾದರೆ ಮೂರನೇ ಬೇಸಿಗೆ ಕಳೆದ ಮೇಲೆ ಸಸಿಗಳನ್ನು ಎಣಿಸಿ ಕೊಡಲಿ. ಶಾಲು, ಹಾರ, ಫಲಕಗಳಿಗೆ ಮೀಸಲಿಡುವ ಹಣವನ್ನು ಫೆಬ್ರವರಿಯಿಂದ ಮೇವರೆಗಿನ ಟ್ಯಾಂಕರ್ ನೀರಿನ ಬಾಬ್ತಿಗೆ ಆ ಸಂಘಗಳಿಗೇ ಮುಂಗಡವಾಗಿ ನೀಡಿದರೆ ಇನ್ನೂ ಉಪಯುಕ್ತ.