ಹತ್ತು ಸೆಕೆಂಡ್ ಮೌನಕ್ಕೆ ಬೇಕಾಗುವ ಸಾಮಗ್ರಿ

ಅಸಂಗತ ಬಾನುಲಿ ನಾಟಕಕ್ಕೆ ಬೆಂಗಳೂರಿನವರು ತಲೆ ಕೆರೆದುಕೊಂಡು ಕಥೆ ಕಟ್ಟಬೇಕಿಲ್ಲ. ‘ನಿಶ್ಶಬ್ದ ವಲಯ’ ಎಂಬ ಬೋರ್ಡಿನ ಕೆಳಗೆ ಇಬ್ಬರನ್ನು ನಿಲ್ಲಿಸಿದರೆ ಆಯಿತು. ಜಾಗವೂ ದೂರವಲ್ಲ: ರಾಜಭವನ ರಸ್ತೆಯ ಆಕಾಶವಾಣಿಯಿಂದ ನಡೆದೇ ಹೋಗಬಹುದಾದ ಅಂಬೇಡ್ಕರ್ ವೀಧಿಯಲ್ಲಿ ಹೈಕೋರ್ಟ್ ಇದೆ. ಕೋರ್ಟು, ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರ್ ತನಕ ಹಗಲು 50 ಡೆಸಿಬೆಲ್, ರಾತ್ರಿ 40 ದಾಟಬಾರದು ಅನ್ನುತ್ತದೆ 2000ದ ಶಬ್ದಮಾಲಿನ್ಯ ನಿಯಮ. 2010ರ ತಿದ್ದುಪಡಿ ಪ್ರಕಾರ ಅಲ್ಲಿ ತುರ್ತು ಬಿಟ್ಟರೆ ಹಾರ್ನ್ ಹೊಡೆಯುವಂತಿಲ್ಲ. ನಮ್ಮೂರಲ್ಲಿ ಸಿಗ್ನಲ್ ಹಸಿರಾಗುವುದೇ ದೊಡ್ಡ ತುರ್ತು.

“ಸಾರ್, ಇಲ್ಲಿ ಹಾರ್ನ್ ಹೊಡೀಬಾರ್ದು.”

“ಏನಂದ್ರಿ?”

“ಹಾರ್ನ್ ಹೊಡೀಬಾರ್ದು!”

“ಸ್ವಲ್ಪ ಜೋರಾಗಿ ಹೇಳ್ರೀ, ಹಾರ್ನಲ್ಲಿ ಕೇಳಿಸ್ತಿಲ್ಲ!”

ಮೊದಲ ದೃಶ್ಯ ಮುಗಿಯಿತು. ಎರಡನೆಯದನ್ನು ನಿಯಮವೇ ಬರೆದುಕೊಟ್ಟಿದೆ. ದೂರು ಕೊಡಬೇಕಾದರೆ ಶಬ್ದ ಮಿತಿಗಿಂತ 10 ಡೆಸಿಬೆಲ್ ಆದರೂ ಹೆಚ್ಚಿರಬೇಕು, ಅಂದರೆ ಹಗಲು 60. ಮೂರಡಿ ದೂರದಲ್ಲಿ ನಿಂತು ಮಾಮೂಲಿ ಮಾತಾಡಿದರೂ ಶಬ್ದ ಅಳೆಯುವ ಮೀಟರ್ ಸುಮಾರು ಅಷ್ಟೇ ತೋರಿಸುತ್ತದೆ. ಹಾಗಾಗಿ ದೂರುದಾರ ಬಾಯಿ ತೆರೆದ ಕೂಡಲೇ ಆರೋಪಿ. ರಾತ್ರಿ ಹತ್ತರ ಮೇಲೆ ಇನ್ನೂ ಕಷ್ಟ, ದೂರನ್ನು ಪಿಸುಗುಟ್ಟಬೇಕು.

ಇನ್ನು ಧ್ವನಿ ಪರಿಣಾಮ. ಹಾರ್ನನ್ನು ರಸ್ತೆಯಲ್ಲಿ ರೆಕಾರ್ಡ್ ಮಾಡಿ ತರಬೇಡಿ. ಬೆಂಗಳೂರಿನ ಕೇಳುಗರು ಅದು ತಮ್ಮ ಕಿಟಕಿಯಿಂದ ಬಂತು ಅಂದುಕೊಳ್ಳುತ್ತಾರೆ. ಕಲಾವಿದರ ಬಾಯಲ್ಲೇ ‘ಪೊಂಯ್’ ಅನ್ನಿಸಿ. 1957ರಲ್ಲಿ ಬಿಬಿಸಿಯಲ್ಲಿ ಅಸಂಗತ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್‌ನ ಬಾನುಲಿ ನಾಟಕ ‘ಆಲ್ ದಟ್ ಫಾಲ್’ ಬಂದಾಗ ಕುರಿ, ಹಸುಗಳ ಕೂಗನ್ನು ಮನುಷ್ಯರೇ ಕೂಗಿದ್ದರು. ಪೊಲೀಸ್ ಸೀಟಿಯನ್ನು ಮೈಕಿಗೆ ಬೆನ್ನು ಹಾಕಿ, ಆರಡಿ ದೂರದಿಂದ ಊದಿಸಿ, ಇಲ್ಲವಾದರೆ ಧ್ವನಿ ಒಡೆಯುತ್ತದೆ. ಫುಟ್‌ಪಾತಿಗೆ ಒಂದು ಕಡಪ ಕಲ್ಲು, ಅದರ ಒಂದು ಮೂಲೆ ಕೆಳಗೆ ಗೋಲಿ ಗಾತ್ರದ ಜಲ್ಲಿ. ಕಾಲಿಟ್ಟರೆ ‘ಕಟಕ್’. ಮಳೆಗಾಲದ ದೃಶ್ಯವಾದರೆ ಕಲ್ಲನ್ನು ಎರಡು ಬೆರಳು ನೀರಿರುವ ಅಗಲದ ತಟ್ಟೆಯೊಳಗೆ ಇಡಿ: ‘ಕಟಕ್’ ಆದಮೇಲೆ ‘ಪಿಚಕ್’. ಪ್ಯಾಂಟ್ ಒದ್ದೆಯಾದದ್ದು ಸಂಭಾಷಣೆಯೇ ಇಲ್ಲದೆ ತಿಳಿಯುತ್ತದೆ. ಮಳೆಗೆ ಮೊರದಲ್ಲಿ ಒಂದು ಹಿಡಿ ಸಾಸಿವೆ ಆಡಿಸಿ. ಅಕ್ಕಿ ಹಾಕಿದರೆ ಆಲಿಕಲ್ಲಿನ ಹಾಗೆ ಕೇಳಿಸುತ್ತದೆ.

ಇದೆಲ್ಲ ಸುಲಭದ ಕೆಲಸ. ಕಷ್ಟವಿರುವುದು ಸ್ಕ್ರಿಪ್ಟಿನ ಕೊನೇ ಸಾಲಿನಲ್ಲಿ: ‘ಹತ್ತು ಸೆಕೆಂಡ್ ಮೌನ.’

ಮೌನ ಅಂತ ಟೇಪನ್ನು ಖಾಲಿ ಬಿಡುವಂತಿಲ್ಲ. ಪೂರ್ತಿ ಸೊನ್ನೆ ಬಂದರೆ ಕೇಳುಗರು ಸೆಟ್ ಕೆಟ್ಟಿತೆಂದು ಬೆನ್ನಿಗೆ ಗುದ್ದುತ್ತಾರೆ. ಕಲಾವಿದರೆಲ್ಲ ಸ್ಟುಡಿಯೋದಲ್ಲಿ ನಿಂತಲ್ಲೇ ನಿಂತು ಒಂದು ನಿಮಿಷ ಸುಮ್ಮನಿರಬೇಕು. ಆ ಕೋಣೆಯ ಉಸಿರನ್ನು ರೆಕಾರ್ಡ್ ಮಾಡಿಕೊಂಡು ಅದರಿಂದ ಹತ್ತು ಸೆಕೆಂಡ್ ಕತ್ತರಿಸಬೇಕು. ಎಸಿ ಆಫ್, ಫ್ಯಾನ್ ಆಫ್, ಬಳೆ ಬಿಚ್ಚಿ, ಮೊಬೈಲ್ ಹೊರಗಿಡಿ. ಸ್ಕ್ರಿಪ್ಟಿಗೆ ಪಿನ್ ಹೊಡೆಯಬೇಡಿ; ಬಿಡಿ ಹಾಳೆಯನ್ನು ಪಕ್ಕಕ್ಕೆ ಜಾರಿಸಿದರೆ ಸದ್ದಿಲ್ಲ, ತಿರುವಿದರೆ ಸರಸರ. ಊಟವಾದ ಮೇಲಂತೂ ಬೇಡ, ಮೈಕಿಗೆ ಹೊಟ್ಟೆಯ ಗುಡುಗುಡು ಚೆನ್ನಾಗಿ ಕೇಳುತ್ತದೆ. ಎರಡೆರಡು ಬಾಗಿಲು ಹಾಕಿದರೂ ಹೊರಗಿನ ಜನರೇಟರಿನ ಗುಂಯ್‌ಗುಡುವಿಕೆ ನೆಲದಿಂದ ಹತ್ತಿ ಮೈಕ್ ಸ್ಟ್ಯಾಂಡಿಗೆ ಬರುತ್ತದೆ. ಸ್ಟ್ಯಾಂಡಿನ ಕೆಳಗೆ ದಪ್ಪ ರಬ್ಬರ್ ಹಾಸಿ.

ಇಷ್ಟು ಮಾಡಿ ತಯಾರಿಸಿದ ಮೌನ ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್‌ನಲ್ಲಿ ಮನೆ ತಲುಪುವ ಹೊತ್ತಿಗೆ ಎಲ್‌ಇಡಿ ಬಲ್ಬು ಮತ್ತು ಯುಪಿಎಸ್ ಅದರೊಳಗೆ ಗುಂಯ್ ಅಂತ ತುಂಬಿಕೊಂಡಿರುತ್ತವೆ. ರೇಡಿಯೋವನ್ನು ಕಿಟಕಿ ಹತ್ತಿರ ಒಯ್ದು ನಿಧಾನವಾಗಿ ತಿರುಗಿಸಿದರೆ ಕಡಿಮೆಯಾಗುತ್ತದೆ, ಒಳಗೆ ಆಂಟೆನಾ ಆಗಿ ಕೂತಿರುವ ಫೆರೈಟ್ ಕಡ್ಡಿಗೆ ದಿಕ್ಕು ಮುಖ್ಯ. ಆದರೆ ಕಿಟಕಿ ಹತ್ತಿರ ಹಾರ್ನ್ ಇರುತ್ತದಲ್ಲ!

ಪ್ರಸಾರದ ಕಡೆಯಿಂದ ಇನ್ನೊಂದು ಅಪಾಯ. ಮೌನ ಪತ್ತೆ ಮಾಡುವ ಯಂತ್ರವಿದ್ದರೆ, ಗೊತ್ತುಮಾಡಿದಷ್ಟು ಸೆಕೆಂಡ್ ಸದ್ದು ಬಾರದಿದ್ದರೆ ಅದು ತಾನೇ ಬೇರೆ ಸಂಗೀತ ಹಾಕಿಬಿಡುತ್ತದೆ. ಯಂತ್ರವಿಲ್ಲದಿದ್ದರೆ ಡ್ಯೂಟಿಯವರು ಗಾಬರಿಯಾಗಿ ವೀಣೆ ನುಡಿಸಿ, “ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ” ಅಂದುಬಿಟ್ಟಾರು. ಊರಿಗೆಲ್ಲ ಕಿರುಚಾಟದ ಬಗ್ಗೆ ವಿಷಾದವಿಲ್ಲ, ಮೌನಕ್ಕೆ ಮಾತ್ರ ಕ್ಷಮೆ. ಆದ್ದರಿಂದ ಯಂತ್ರದ ಮಿತಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅದು ಹತ್ತೇ ಆಗಿದ್ದರೆ ಮೌನವನ್ನು ಒಂಬತ್ತಕ್ಕೆ ಇಳಿಸಿ. ಹತ್ತನೆಯ ಸೆಕೆಂಡಿಗೆ ಯಾರಾದರೂ ಕೆಮ್ಮಲಿ.