ಸ್ಯಾಡ್ಲಿ, ಅತ್ತೆ ಹುಷಾರಾದರು

ನಮ್ಮ ಅತ್ತೆಗೆ ಪಿತ್ತಕೋಶದಲ್ಲಿ ಕಲ್ಲು ಇತ್ತು. ಆಪರೇಷನ್ ಆಗಿ ನಾಲ್ಕನೇ ದಿನ ಮನೆಗೆ ಬಂದರು. ಆಟೋ ಇಳಿದವರೇ ಮೊದಲು ನೋಡಿದ್ದು ತುಳಸಿ ಗಿಡ, ಆಮೇಲೆ ನನ್ನ ಮುಖ. ಎರಡೂ ಬಾಡಿದ್ದವು.

ನೆಂಟರ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕುವ ಕೆಲಸ ನನ್ನ ತಲೆಗೆ ಬಂತು. ಪುಣೆಯಲ್ಲಿರುವ ಮೈದುನನ ಹೆಂಡತಿಗೆ ಕನ್ನಡ ಓದೋಕೆ ಬರಲ್ಲ, ಅದಕ್ಕೇ ಇಂಗ್ಲಿಷ್. ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟೇ: 'ಪಾಪ, ಅತ್ತೆ ಹುಷಾರಾಗಿ ಮನೆಗೆ ಬಂದರು.' ಈ ಪಾಪಕ್ಕೆ ಇಂಗ್ಲಿಷಲ್ಲಿ ಏನು ಹಾಕೋದು? ಜಾಸ್ತಿ ಯೋಚಿಸಲಿಲ್ಲ, ಒಲೆ ಮೇಲೆ ಗಂಜಿ ಉಕ್ಕುತ್ತಿತ್ತು. 'ಸ್ಯಾಡ್ಲಿ, ಅತ್ತೆ ಈಸ್ ಆಲ್ ರೈಟ್ ಆ್ಯಂಡ್ ಬ್ಯಾಕ್ ಹೋಮ್' ಅಂತ ಒತ್ತಿ ಕಳಿಸಿದೆ. ಕೈ ಮುಗಿಯುವ ಇಮೋಜಿ ಬೇರೆ, ಎರಡೆರಡು.

ಗ್ರೂಪು ತಣ್ಣಗಾಯಿತು. ನೀಲಿ ಟಿಕ್ ಬೀಳುತ್ತಿದೆ, ಒಬ್ಬರೂ ಉಸಿರೆತ್ತುತ್ತಿಲ್ಲ. ಹತ್ತು ನಿಮಿಷಕ್ಕೆ ಮೈದುನ ಅವರಣ್ಣನಿಗೆ ಫೋನ್ ಮಾಡಿ, 'ಅತ್ತಿಗೆಗೂ ಅಮ್ಮಂಗೂ ಏನಾದ್ರೂ ಆಯ್ತಾ?' ಅಂತ ಮೆಲ್ಲಗೆ ಕೇಳಿದ. ಅಷ್ಟರಲ್ಲಿ ನನ್ನ ಹೊಟ್ಟೆಯಲ್ಲಿ ಹುಟ್ಟಿ, ಇಂಗ್ಲಿಷ್ ಮೀಡಿಯಂನಲ್ಲಿ ಏಳನೇ ಕ್ಲಾಸ್ ಓದುತ್ತಿರುವ ಮಗಳೇ ಮೆಸೇಜನ್ನು ಗಟ್ಟಿಯಾಗಿ ಓದಿ, 'ಅಜ್ಜಿ, ನೀನು ಹುಷಾರಾಗಿದ್ದು ಅಮ್ಮಂಗೆ ಬೇಜಾರಂತೆ' ಅಂತ ಅರ್ಥವನ್ನೂ ಹೇಳಿಬಿಟ್ಟಳು.

ಅತ್ತೆ ಗಂಜಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. 'ಇರ್ಲಿ ಬಿಡಮ್ಮ. ಇಂಗ್ಲಿಷಲ್ಲಾದ್ರೂ ನಿಜ ಹೇಳ್ದೆ.'

ನೋಡಿ, ತಪ್ಪು ನನ್ನದಲ್ಲ, ಪಾಪದ್ದು. ನಮ್ಮ ಪಾಪ ಎಲ್ಲಿ ಬೇಕಾದರೂ ಕೂರುತ್ತದೆ. ಪಾಪ ಬಿದ್ದ, ಪಾಪ ಎದ್ದ, ಪಾಪ ಕರೆದು ಊಟ ಹಾಕಿದರು. ಅದು ಆ ಮನುಷ್ಯನ ಮೇಲಿನ ಕನಿಕರ ಅಷ್ಟೇ. ಸ್ಯಾಡ್ಲಿ ಹಾಗಲ್ಲ. ವಾಕ್ಯದ ಮುಂದೆ ಕಾಮಾ ಹಾಕಿಕೊಂಡು ಕೂತರೆ ಹಿಂದೆ ಬರುವ ಇಡೀ ಸುದ್ದಿಗೇ ಅಳುತ್ತದೆ, ಸುದ್ದಿ ಎಷ್ಟು ಒಳ್ಳೆಯದಾದರೂ ಸರಿ. 'ಹಿ ಸ್ಮೈಲ್ಡ್ ಸ್ಯಾಡ್ಲಿ' ಅಂದರೆ ಬೇಜಾರಲ್ಲಿ ನಕ್ಕ. 'ಸ್ಯಾಡ್ಲಿ, ಹಿ ಸ್ಮೈಲ್ಡ್' ಅಂದರೆ ಅವನು ನಕ್ಕಿದ್ದೇ ನಮ್ಮ ಕರ್ಮ.

ಮಾನ ಹೋದ ಮೇಲೆ ಡಿಕ್ಷನರಿ ತೆಗೆದೆ. ಸ್ಯಾಡ್ ಅನ್ನುವ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿದ್ದ ಅರ್ಥ ಹೊಟ್ಟೆ ತುಂಬಿದ, ಸಾಕಾದ ಅಂತಂತೆ! ನಮ್ಮ ತುಮಕೂರಿನ ಕ್ಯಾತ್ಸಂದ್ರದಲ್ಲಿ ಮೂರು ತಟ್ಟೆ ಇಡ್ಲಿ ಹೊಡೆದು ಬೆಂಚಿಗೆ ಒರಗಿದವರೆಲ್ಲ ಆ ಲೆಕ್ಕದಲ್ಲಿ ಸ್ಯಾಡೇ. ಇದನ್ನು ಅತ್ತೆಗೆ ವಿವರಿಸಲು ಹೋದೆ. 'ಹಂಗಾದ್ರೆ ನನ್ನ ಕಂಡು ಸಾಕಾಗಿದೆ ಅಂತ' ಅಂದರು. ಸುಮ್ಮನಾದೆ.

ಇಡ್ಲಿ ಅಂದಾಗ ನೆನಪಾಯಿತು. ಇದಕ್ಕೂ ಮುಂಚೆ ಒಂದು ಸಲ ನಮ್ಮ ಆಫೀಸಿನ ಆಡಿಟ್ ವರದಿಯಲ್ಲಿ 'ವೋಫುಲಿ ಇನ್‌ಅಡಿಕ್ವೇಟ್' ಅಂತ ಓದಿದ್ದೆ. ಇನ್‌ಅಡಿಕ್ವೇಟ್ ಅಂದರೆ ಸಾಲದು ಅಂತ ಗೊತ್ತಿತ್ತು. ವೋಫುಲಿ ಅಂದರೆ 'ತುಂಬಾ' ಇರಬೇಕು ಅಂತ ನಾನೇ ತೀರ್ಮಾನಿಸಿದೆ. ಟೆರಿಬ್ಲಿ ಗುಡ್, ಆಫುಲಿ ನೈಸ್ ಅಂತೆಲ್ಲ ಅಂತಾರಲ್ವಾ? ನಾವೇ ಭಯಂಕರ ಚೆನ್ನಾಗಿದೆ ಅನ್ನಲ್ವಾ? ಸಖತ್ ಅನ್ನೋದು ಕೂಡ ಪಾರ್ಸಿಯಲ್ಲಿ ಗಟ್ಟಿ, ಕಠಿಣ ಅನ್ನುವ ಪದವೇ, ನಮ್ಮ ಕೈಗೆ ಸಿಕ್ಕಿ ಮೆತ್ತಗಾಯಿತು. ಅದೇ ಧೈರ್ಯದಲ್ಲಿ ಒಂದು ಹೋಟೆಲ್ಲಿಗೆ ಗೂಗಲ್ಲಿನಲ್ಲಿ ಐದು ಸ್ಟಾರ್ ಕೊಟ್ಟು, 'ವೋಫುಲಿ ಸಾಫ್ಟ್ ಇಡ್ಲಿ, ಸೋರ್ಲಿ ಟೇಸ್ಟಿ ಚಟ್ನಿ' ಅಂತ ಬರೆದೆ. ಮುಂದಿನ ಭಾನುವಾರ ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದು ಫೋನ್ ತೋರಿಸಿದರು. 'ಮೇಡಂ, ಇದು ಹೊಗಳಿಕೆನಾ, ಬೈಗುಳನಾ? ಸ್ಟಾರ್ ಐದಿದೆ. ನನ್ನ ಮಗ ಓದಿ ಎರಡು ದಿನದಿಂದ ಅಕ್ಕಿ ಬದಲಾಯಿಸೋಣ ಅಂತಿದ್ದಾನೆ.'

ವೋ ಅಂದರೆ ಹಳೆಯ ಇಂಗ್ಲಿಷಿನವರ ಅಯ್ಯೋ. ಸೋರ್ ಅಂದರೆ ನೋವು, ಹುಣ್ಣು. ಟೆರಿಬ್ಲಿ, ಆಫುಲಿ ತಮ್ಮ ಭಯ ಬಿಟ್ಟು ಒಳ್ಳೆಯದರ ಜೊತೆಗೂ ಓಡಾಡುತ್ತವೆ. ವೋಫುಲಿಗೆ ಆ ಸಲೀಸು ಇಲ್ಲ, ಏನಾದರೂ ಕಡಿಮೆ ಬಿದ್ದರೆ ಮಾತ್ರ ಬರುತ್ತದೆ. ಸೋರ್ಲಿ ಬರೋದು ಯಾರನ್ನಾದರೂ ಕಳೆದುಕೊಂಡಾಗ, ಏನಾದರೂ ತುರ್ತಾಗಿ ಬೇಕಾದಾಗ. ಚಟ್ನಿ ಹತ್ತಿರ ಅದಕ್ಕೇನು ಕೆಲಸ?

ಆಫೀಸಿನ ಕಥೆ ಬೇಗ ಮುಗಿಸುತ್ತೇನೆ. 'ಶಿರಾ ಗೇಟ್ ಹತ್ತಿರ ಬಸ್ ರಿಗ್ರೆಟ್‌ಫುಲಿ ಲೇಟಾಗಿ ಬಂತು' ಅಂತ ಮೇಲ್ ಹಾಕಿದ್ದೆ. 'ಬಸ್ಸು ಪಶ್ಚಾತ್ತಾಪ ಪಟ್ಕೊಂಡು ಬಂತೇನ್ರೀ? ನೀವು ಪಟ್ಟಿದ್ರೆ ರಿಗ್ರೆಟ್‌ಫುಲಿ, ವಿಷಯವೇ ಬೇಸರದ್ದಾದ್ರೆ ರಿಗ್ರೆಟಬ್ಲಿ' ಅಂದರು ನಮ್ಮ ಸಾಹೇಬರು. ಅರ್ಧ ದಿನದ ರಜೆ ಹೇಗೂ ಕಟ್ ಆಯಿತು.

ಈಗ ಅತ್ತೆ ಪೂರ್ತಿ ಹುಷಾರು. ಸಂಜೆ ಅಮಾನಿಕೆರೆ ಕಡೆ ವಾಕಿಂಗ್ ಹೋಗಿ ಬರುತ್ತಾರೆ, ಮುಂಚೆಗಿಂತ ಜೋರಾಗಿ ನಡೆಯುತ್ತಾರೆ. ಬಂದವರು ಬೆಲ್ ಒತ್ತುವುದಿಲ್ಲ. ಬಾಗಿಲ ಹೊರಗೇ ಚಪ್ಪಲಿ ಬಿಡುತ್ತಾ, ಅಕ್ಕಪಕ್ಕದ ಮನೆಯವರಿಗೂ ಕೇಳುವ ಹಾಗೆ ಕೂಗುತ್ತಾರೆ:

'ಸ್ಯಾಡ್ಲಿ, ವಾಪಸ್ ಬಂದಿದ್ದೀನಿ ಕಣಮ್ಮ. ಕಾಫಿ ಇಡು.'