ಪಂಪ್‌ಸೆಟ್ ದೀಪ

ಈಗಿನ ಗಾಡಿಗಳಿಗೆ ತಮ್ಮ ಕಾಯಿಲೆ ಏನು ಅಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಯಜಮಾನನಿಗೆ ಹೇಳುವುದಿಲ್ಲ. ಸರ್ವಿಸ್ ಸೆಂಟರಿನ ಮಷೀನಿಗೆ ಮಾತ್ರ ಹೇಳುತ್ತವೆ. ನಮ್ಮ ಪಾಲಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ, ಅದರಲ್ಲಿ ಇಂಜಿನ್ನಿನ ಚಿತ್ರ. ನಮ್ಮಮ್ಮ ಅದನ್ನು ನೋಡಿ, "ಗಾಡಿಯಲ್ಲಿ ಯಾಕೋ ಪಂಪ್‌ಸೆಟ್ ಬರೆದಿದ್ದಾರೆ?" ಅಂದಿದ್ದರು. ನೋಡಿದರೆ ಹಾಗೇ ಇದೆ!

ನಮ್ಮ ಹಳೆಯ ಜೀಪಿನಲ್ಲಿ ಈ ಗುಟ್ಟೆಲ್ಲ ಇರಲಿಲ್ಲ. ಕೆಟ್ಟರೆ ಹೊಗೆ ಬಿಡುತ್ತಿತ್ತು, ಇಲ್ಲವೇ ಏನಾದರೊಂದು ಕಳಚಿ ರಸ್ತೆಗೆ ಬೀಳುತ್ತಿತ್ತು. ಬಿದ್ದದ್ದನ್ನು ಎತ್ತಿಕೊಂಡು ಮೇಸ್ತ್ರಿ ಹತ್ತಿರ ಹೋದರೆ ಆಯಿತು. ಅದನ್ನು ಮಾರಿ ಪೆಟ್ರೋಲ್ ಗೂಡ್ಸ್ ಗಾಡಿ ತಗೊಂಡೆವು. 2020ರ ಏಪ್ರಿಲ್‌ನಿಂದ ಹೊಸ ಗಾಡಿಗಳೆಲ್ಲ ಬಿಎಸ್-6 ಅನ್ನುವ ಹೊಗೆ ನಿಯಮದವು ಅಲ್ವಾ, ಹಾಗಾಗಿ ಇದರ ತುಂಬ ಸೆನ್ಸರ್. ಇಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಚಳಿಗಾಲಕ್ಕೆ ಸುಖ, ಏಪ್ರಿಲ್‌ನಲ್ಲಿ ಮಾತ್ರ ಕೇಳಬೇಡಿ.

ಸಾಗರದಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಹೊತ್ತು ಹೊರಟಿದ್ದೆವು. ಪಕ್ಕದಲ್ಲಿ ಭಾವ. ಆನಂದಪುರ ದಾಟಿ ಒಂದು ಏರು ಹತ್ತುವಾಗ ಗಾಡಿ ಗಡಗಡ ನಡುಗಿತು. ಪಂಪ್‌ಸೆಟ್ ಮಿಣಮಿಣ ಅನ್ನತೊಡಗಿತು.

"ಭಾವ, ನೋಡಿ ಇದು."

"ಗಣಪತಿ ಲೈಟಿನ ರಿಫ್ಲೆಕ್ಷನ್ ಮಾರಾಯ" ಅಂದರು ಭಾವ. ಡ್ಯಾಶ್‌ಬೋರ್ಡ್ ಮೇಲೆ ಅವರೇ ತಂದಿಟ್ಟ ಗಣಪ ಇದ್ದಾನೆ. ಅವನ ಸುತ್ತ ಹಸಿರು, ಕೆಂಪು ದೀಪ ಯಾವಾಗಲೂ ಕುಣಿಯುತ್ತಿರುತ್ತವೆ. ಗಣಪನ ವೈರ್ ಕಿತ್ತೆ. ಪಂಪ್‌ಸೆಟ್ ಕುಣಿಯುವುದು ನಿಲ್ಲಲಿಲ್ಲ. ಏರು ಮುಗಿದು ಆಕ್ಸಿಲರೇಟರ್ ಬಿಟ್ಟ ಮೇಲೆ ದೀಪ ಮಿಣುಕುವುದು ಬಿಟ್ಟು ಸುಮ್ನೆ ಉರಿಯಿತು. "ನೋಡು, ವಾಸಿ ಆಯ್ತು" ಅಂದರು. ಮುಂದಿನ ಏರಿನಲ್ಲಿ ಮತ್ತೆ ಶುರು.

ಕುಂಸಿಯ ಹತ್ತಿರ ಒಂದು ಟೀ ಅಂಗಡಿ ಮುಂದೆ ನಿಲ್ಲಿಸಿದೆವು. ನಮ್ಮ ಕಡೆ ನಿಂತ ಗಾಡಿ ಊರಿನವರೆಲ್ಲರ ಸ್ವತ್ತು. ಪಂಕ್ಚರ್ ಅಂಗಡಿಯ ಹುಡುಗ ಬಂದು, "ಬ್ಯಾಟರಿ ಕನೆಕ್ಷನ್ ತೆಗೆದು ಹಾಕಿ ಸಾರ್, ಲೈಟ್ ಹೋಗುತ್ತೆ" ಅಂದ. ಹೋಗುತ್ತದೆ ನಿಜ. ಗಾಡಿಗೆ ಆ ಕ್ಷಣಕ್ಕೆ ಮರೆವು ಬರುತ್ತದೆ, ಕಾಯಿಲೆ ಅಲ್ಲೇ ಇರುತ್ತದೆ. ಇನ್ನೊಬ್ಬರು ಲೈಟಿನ ಮೇಲೆ ಕಪ್ಪು ಟೇಪ್ ಅಂಟಿಸಿ ಅಂದರು. ತಾವು ಹಾಗೇ ಓಡಿಸುತ್ತಿದ್ದಾರಂತೆ. ಟೀ ಕುಡಿಯುತ್ತಿದ್ದ ಅಜ್ಜ ಒಬ್ಬರು ಬಗ್ಗಿ ನೋಡಿ, "ಮಿಣುಕ್ತಾ ಇದ್ಯಲ್ಲ, ಅಂದ್ರೆ ಜೀವ ಇದೆ" ಅಂತ ಧೈರ್ಯ ಹೇಳಿದರು.

ನಾನು ಗಾಡಿಯ ಪುಸ್ತಕ ತೆಗೆದೆ. ಎಲ್ಲರೂ ನಕ್ಕರು. ಗಾಡಿ ಪುಸ್ತಕ ಓದುವವನನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ ಅನ್ನಿಸುತ್ತದೆ. ದೀಪ ಸುಮ್ನೆ ಉರಿದರೆ ಬೇಗ ತೋರಿಸಿ, ಮಿಣುಕಿದರೆ ಓಡಿಸಬೇಡಿ ಅನ್ನುವುದು ಅದರ ಸಾರ. ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಹೊತ್ತದಿದ್ದರೆ ಪೆಟ್ರೋಲ್ ಹಸಿಯಾಗಿಯೇ ಸೈಲೆನ್ಸರ್ ದಾರಿ ಹಿಡಿಯುತ್ತದೆ. ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಆ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದನ್ನೇ ಕರಗಿಸಬಹುದು. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಇರುತ್ತದೆ ಅಂತ ಓದಿ ಹೇಳಿದೆ. ಭಾವನ ಮುಖ ಗಂಭೀರವಾಯಿತು. ಅಕ್ಕನ ಮದುವೆಯಲ್ಲೂ ನಾವು ಅಷ್ಟು ದುಬಾರಿ ಲೋಹ ಹಾಕಿರಲಿಲ್ಲ.

ಅಡಿಕೆ ಚೀಲಗಳು ಬೇರೆ ಪಿಕಪ್ ಹತ್ತಿದವು. ನಮ್ಮ ಹೊಸ ಗಾಡಿ ಇನ್ನೊಂದು ಲಾರಿಯ ಬೆನ್ನೇರಿ, ಅಡಿಕೆಗಿಂತ ಠೀವಿಯಿಂದ ಶಿವಮೊಗ್ಗ ಸೇರಿತು.

ಸರ್ವಿಸ್ ಸೆಂಟರಿನ ಹುಡುಗ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಮಷೀನ್ ಚುಚ್ಚಿದ. ನಮ್ಮೆದುರು ಅಷ್ಟು ಹೊತ್ತು ಬಾಯಿ ಬಿಡದ ಗಾಡಿ ಅವನೆದುರು ಎಲ್ಲವನ್ನೂ ಒಪ್ಪಿಕೊಂಡಿತು. ಪಿ0302. ಅಂದರೆ ಎರಡನೇ ಸಿಲಿಂಡರ್ ಮಿಸ್‌ಫೈರ್. ಅದನ್ನು ನನಗೇ ಹೇಳಿದ್ದರೆ ಗಂಟು ಏನು ಹೋಗುತ್ತಿತ್ತು?

ಸೀಟ್ ಎತ್ತಿದ. ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲಿನ ವೈರ್ ಅರ್ಧ ಇತ್ತು, ಅರ್ಧ ಇರಲಿಲ್ಲ. ಪಕ್ಕದಲ್ಲಿ ಅಡಿಕೆ ಸಿಪ್ಪೆಯ ನಾರು ಹಾಸಿದ ಬೆಚ್ಚನೆಯ ಬಾಣಂತಿಕೋಣೆ.

"ಇಲಿ ಸಾರ್. ಇದಕ್ಕೆ ವಾರಂಟಿ ಬರಲ್ಲ."

ನಾನು ಡ್ಯಾಶ್‌ಬೋರ್ಡಿನ ಗಣಪನನ್ನು ನೋಡಿದೆ. ಕಾಲ ಬುಡದಲ್ಲಿ ಅವನ ವಾಹನ ಏನೂ ಗೊತ್ತಿಲ್ಲದ ಹಾಗೆ ಲಡ್ಡು ಹಿಡಿದು ಕೂತಿತ್ತು. ಭಾವ ಕಿಟಕಿಯಾಚೆ ನೋಡತೊಡಗಿದರು.

ವೈರ್ ಬದಲಾಯಿತು, ದೀಪ ಆರಿತು. ಬಿಲ್ ಕೊಡುವಾಗ ಹುಡುಗ ಮೆಲ್ಲಗೆ, ಸೀಟಿನ ಕೆಳಗೆ ಹೊಗೆಸೊಪ್ಪಿನ ಕಟ್ಟು ಇಡಿ ಸಾರ್, ಆ ಘಾಟಿಗೆ ಇಲಿ ಬರಲ್ಲ ಅಂದ. ಬಿಸಿ ತಾಗದ ಮೂಲೆಯಲ್ಲಿ ಅಂತ ಜಾಗವನ್ನೂ ತೋರಿಸಿದ. ಇಟ್ಟೆ. ಇಲಿ ಬಂದಿಲ್ಲ. ಆದರೆ ಘಾಟು ನನ್ನ ಅಂಗಿ, ಪಂಚೆ, ಟವೆಲ್ ಎಲ್ಲಕ್ಕೂ ಹತ್ತಿದೆ. ಅಮ್ಮ ಬಟ್ಟೆ ನೆನೆಹಾಕುವಾಗ ಮೂಸಿ ನೋಡಿದ್ದಾರೆ. ನನ್ನನ್ನು ಏನೂ ಕೇಳದೆ ನೇರ ಭಾವನಿಗೆ ಫೋನ್ ಮಾಡಿದ್ದಾರೆ: "ಇವನು ಹೊಗೆಸೊಪ್ಪು ಹಾಕೋದು ಯಾವಾಗ ಶುರು ಮಾಡಿದ?"

ಭಾವ ಆ ಕಡೆಯಿಂದ ನಿಟ್ಟುಸಿರು ಬಿಟ್ಟು, "ನಾನೂ ಬೇಡ ಅಂತಲೇ ಹೇಳಿದೆ ಅತ್ತೆ, ಎಲ್ಲಿ ಕೇಳ್ತಾನೆ" ಅಂದರಂತೆ.